ಗಾಜು ಮಂಕಾದರೆ ಮೊದಲು ಒಂದು ಹನಿ ನೀರು: ಲಕ್ಷಣ ನೋಡಿ ದೋಷ ಹಿಡಿಯುವ ಕೈಪಿಡಿ

ಗಾಜು ಮಂಕಾಗಿದೆ ಅಂತ ಕಂಡ ಕೂಡಲೇ ಹೆಚ್ಚಿನವರು ತಿಕ್ಕಲು ಶುರು ಮಾಡುತ್ತಾರೆ. ಬೈರಾಸು, ಸ್ಟೀಲ್ ನಾರು, ಬೂದಿ, ಟೂತ್‌ಪೇಸ್ಟ್, ಏನು ಕೈಗೆ ಸಿಕ್ಕಿತೋ ಅದು. ಕೊಳೆ ಅಲ್ಲೇ ಉಳಿದು ಗಾಜಿಗೆ ಗೀರು ಬೀಳುವುದು ಹೀಗೆ. ತಿಕ್ಕುವ ಮೊದಲು ಒಂದು ವಿಷಯ ಗೊತ್ತಾಗಬೇಕು: ಬೆಳಕು ಹಾಳಾಗುತ್ತಿರುವುದು ಗಾಜಿನ ಮೈಮೇಲೋ, ಒಳಗೋ, ಅಥವಾ ಗಾಜಿಗೆ ಸಂಬಂಧವೇ ಇಲ್ಲದ ಕಡೆಯೋ? ಇದು ತಿಳಿಯಲು ಒಂದು ಹನಿ ನೀರು ಸಾಕಾಗುತ್ತದೆ.

ಕಾಸರಗೋಡು ಜಿಲ್ಲೆಯಲ್ಲಿ ಗಾಜಿಗೆ ಕಷ್ಟ ಹೆಚ್ಚು. ಮಂಜೇಶ್ವರ, ಉಪ್ಪಳ, ಕುಂಬಳೆಯ ಕಡಲ ಬದಿಯಲ್ಲಿ ಉಪ್ಪಿನ ಗಾಳಿ. ಬದಿಯಡ್ಕ, ಪೆರ್ಲ, ಮುಳ್ಳೇರಿಯದ ತೋಟಗಳಲ್ಲಿ ಆರದ ತೇವ. ವರ್ಷಕ್ಕೆ 3000 ಮಿ.ಮೀ. ಮೀರುವ ಮಳೆ, ರಾಷ್ಟ್ರೀಯ ಹೆದ್ದಾರಿ 66ರ ಧೂಳು. ಇಲ್ಲಿನ ಲಕ್ಷಣಗಳನ್ನು ಆ ಲೆಕ್ಕದಲ್ಲೇ ಆರಿಸಿದೆ.

ಸರಿಯಾಗಿರುವ ಗಾಜು ಹೇಗಿರುತ್ತದೆ ಎಂಬುದು ಮೊದಲು ತಿಳಿದಿರಲಿ. ಸ್ವಚ್ಛ ಕಿಟಕಿ ಗಾಜಿನ ಮೇಲೆ ಬೆಳಕು ನೇರವಾಗಿ ಬಿದ್ದಾಗ ಒಂದೊಂದು ಮೈಯಿಂದ ಸುಮಾರು ಶೇ. 4ರಷ್ಟು ಹಿಂದಕ್ಕೆ ಪ್ರತಿಫಲಿಸುತ್ತದೆ. ಎರಡು ಮೈ ಸೇರಿ ಶೇ. 8 ಹೋಗಿ, ಸುಮಾರು ಶೇ. 92 ಆಚೆ ದಾಟುತ್ತದೆ. ಬೆಳಕು ಓರೆಯಾದಷ್ಟೂ ಪ್ರತಿಫಲನ ಏರುತ್ತದೆ: ಗಾಜಿಗೆ ಲಂಬವಾದ ಗೆರೆಯಿಂದ ಅಳೆದು 60 ಡಿಗ್ರಿಯಲ್ಲಿ ಒಂದು ಮೈಯಿಂದ ಶೇ. 9, 80 ಡಿಗ್ರಿಯಲ್ಲಿ ಶೇ. 39ರ ಆಸುಪಾಸು. ತೀರಾ ಓರೆಯಾಗಿ ನೋಡಿದಾಗ ಕಿಟಕಿ ಕನ್ನಡಿಯಂತೆ ಹೊಳೆಯುವುದು ಇದರಿಂದ. ಅದು ದೋಷ ಅಲ್ಲ. ಗಾಜನ್ನು ಅಂಚಿನಿಂದ ನೋಡಿದಾಗ ಹಸಿರು ಕಾಣುವುದೂ ದೋಷ ಅಲ್ಲ. ಮರಳಿನ ಜೊತೆ ಬಂದ ಕಬ್ಬಿಣದ ಅಂಶ ಅದಕ್ಕೆ ಕಾರಣ.

ಎಲ್ಲಕ್ಕಿಂತ ಮೊದಲು: ಹನಿ ಪರೀಕ್ಷೆ

ಬೇಕಾದ್ದು ಇಷ್ಟೇ: ಒಂದು ಟಾರ್ಚ್ ಅಥವಾ ಮೊಬೈಲ್ ಲೈಟ್, ಒಂದು ತುಂಡು ಕಪ್ಪು ಬಟ್ಟೆ, ಶುದ್ಧ ನೀರು, ಸ್ವಲ್ಪ ತೆಂಗಿನೆಣ್ಣೆ.

ಗಾಜಿನ ಹಿಂದೆ ಕಪ್ಪು ಬಟ್ಟೆ ಹಿಡಿದು ಟಾರ್ಚನ್ನು ಬದಿಯಿಂದ ಓರೆಯಾಗಿ ಬಿಡಿ. ಎದುರಿನಿಂದ ಕಾಣದ ಧೂಳು, ಗೀರು, ಪದರ ಎಲ್ಲ ಕಪ್ಪಿನ ಮೇಲೆ ಬೆಳ್ಳಗೆ ಎದ್ದು ಬರುತ್ತದೆ. ಮಂಕು ಹೆಚ್ಚಿರುವ ಜಾಗಕ್ಕೆ ಒಂದು ಹನಿ ನೀರು ಬಿಟ್ಟು, ಆ ಹನಿಯ ಮೂಲಕವೇ ನೋಡಿ.

ಹನಿ ಇದ್ದಲ್ಲಿ ಗಾಜು ತಿಳಿಯಾಗಿ, ಒಣಗಿದ ಮೇಲೆ ಪುನಃ ಮಂಕಾದರೆ ದೋಷ ಆ ಮೈಯಲ್ಲೇ ಇದೆ. ಗಾಜಿನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆ) ಸುಮಾರು 1.52, ಗಾಳಿಯದ್ದು 1, ನೀರಿನದ್ದು 1.33. ಒರಟು ಮೈಯ ಒಂದೊಂದು ಸಣ್ಣ ಇಳಿಜಾರಿನಲ್ಲೂ ಬೆಳಕು ಬೇರೆ ಬೇರೆ ದಿಕ್ಕಿಗೆ ಬಾಗುತ್ತದೆ, ಹಾಗಾಗಿ ಬಿಳಿ ಮಂಕು ಕಾಣುತ್ತದೆ. ನೀರು ಆ ತಗ್ಗುಗಳನ್ನು ತುಂಬಿದಾಗ ಗಾಜಿಗೂ ಅದಕ್ಕೆ ತಾಗಿದ ವಸ್ತುವಿಗೂ ನಡುವಿನ ಸೂಚ್ಯಂಕದ ಅಂತರ 0.52ರಿಂದ 0.19ಕ್ಕೆ ಇಳಿದು, ಬೆಳಕು ಬಾಗುವುದು ಕಡಿಮೆಯಾಗುತ್ತದೆ. ಆ ಗಡಿಯ ಪ್ರತಿಫಲನವೂ ಶೇ. 4ರಿಂದ ಶೇ. 0.5ಕ್ಕಿಂತ ಕೆಳಗಿಳಿಯುತ್ತದೆ. ತೆಂಗಿನೆಣ್ಣೆಯ ಸೂಚ್ಯಂಕ ಸುಮಾರು 1.45, ಅಂದರೆ ಗಾಜಿಗೆ ಇನ್ನೂ ಹತ್ತಿರ. ನೀರಿಗೆ ಅರೆಬರೆ ತಿಳಿಯಾದ ಗಾಜು ಎಣ್ಣೆಗೆ ಪೂರ್ತಿ ತಿಳಿಯಾದರೆ ಒರಟು ಆಳವಾಗಿದೆ ಎಂದು ತಿಳಿಯಿರಿ. ಎಣ್ಣೆ ಬಿದ್ದ ಕಾಗದದಲ್ಲಿ ಬೆಳಕು ಹಾಯುವುದೂ ಇದೇ ಕಾರಣಕ್ಕೆ, ಎಳೆಗಳ ನಡುವಿನ ಗಾಳಿಯ ಜಾಗವನ್ನು ಎಣ್ಣೆ ಹಿಡಿಯುತ್ತದೆ.

ಹನಿಯಿಂದ ವ್ಯತ್ಯಾಸ ಕಾಣದಿದ್ದರೆ ಗಾಜಿನ ಇನ್ನೊಂದು ಬದಿಗೂ ಹನಿ ಬಿಡಿ. ಅಲ್ಲೂ ಬದಲಾಗದಿದ್ದರೆ ಎರಡು ಸಾಧ್ಯತೆ: ದೋಷ ಒಳಗಿದೆ, ಇಲ್ಲವೇ ಮೈಮೇಲಿನ ಕೊಳೆ ಬೆಳಕನ್ನು ಚದುರಿಸುವ ಬದಲು ಹೀರುತ್ತಿದೆ. ಮಸಿ ಎರಡನೆಯ ಜಾತಿ.

ಮೈಯಲ್ಲೇ ದೋಷ ಎಂದು ಖಚಿತವಾದ ಮೇಲೆ ಅಲ್ಲಿ ಉಗುರು ಎಳೆಯಿರಿ. ಉಗುರಿಗೆ ಉಬ್ಬು ತಾಗಿದರೆ ಮೇಲೆ ಏನೋ ಕೂತಿದೆ, ತೆಗೆಯಬಹುದು. ಉಗುರು ತಗ್ಗಿಗೆ ಬಿದ್ದರೆ ಗೀರು. ಎರಡೂ ಇಲ್ಲದೆ ಮಂಕು ಮಾತ್ರ ಇದ್ದರೆ ಗಾಜಿನ ಮೈ ಸವೆದಿದೆ ಅಥವಾ ತೆಳುವಾದ ಪದರ ಹಿಡಿದಿದೆ.

ಪ್ಲಾಸ್ಟಿಕ್, ಪಾಲಿಕಾರ್ಬೊನೇಟ್, ಕನ್ನಡಕಗಳಿಗೆ ನೀರು ಮಾತ್ರ, ಎಣ್ಣೆ ಬೇಡ. ಕ್ಯಾಮರಾ, ದುರ್ಬೀನುಗಳಿಗೆ ಹನಿ ಪರೀಕ್ಷೆಯೇ ಬೇಡ. ಒಡೆದ ಗಾಜಿಗೂ ಬೇಡ, ಕಾರಣ ಮುಂದೆ ಇದೆ.

ಬಿಳಿ ಚುಕ್ಕಿ, ಹರಿದ ನೀರಿನ ಗೆರೆ, ಕೆಂಪು ಕಲೆ

ಕಡಲ ಬದಿಯ ಮನೆಯ ಕಿಟಕಿಯಲ್ಲಿ ಬಿಳಿ ಪುಡಿಯಂತೆ ಕೂತದ್ದು ಹೆಚ್ಚಾಗಿ ಉಪ್ಪು. ಬರೀ ನೀರು ಸುರಿದರೆ ಹೋಗುತ್ತದೆ. ಒಣಗಿದ್ದಾಗ ಒರೆಸಬೇಡಿ, ಉಪ್ಪಿನ ಜೊತೆ ಮರಳಿನ ಕಣವೂ ಇರುತ್ತದೆ.

ನೀರಿಗೆ ಹೋಗದ, ಉಗುರಿಗೆ ತಾಗುವ ಬಿಳಿ ಚುಕ್ಕಿ ಸುಣ್ಣದ ಅಂಶದ್ದು. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ 10 ನಿಮಿಷ ಅಂಟಿಸಿಟ್ಟು ತೊಳೆಯಿರಿ. ಲಿಂಬೆ ರಸವೂ ಆಗುತ್ತದೆ. ಕೊಳವೆ ಬಾವಿಯ ಕಬ್ಬಿಣದ ಕೆಂಪು ಕಲೆಗೆ ಬಿಂಬುಳಿ ಜಜ್ಜಿ ಹಚ್ಚಿದರೆ ಕೆಲಸ ಬೇಗ. ಅದರಲ್ಲಿರುವ ಆಕ್ಸಾಲಿಕ್ ಆಮ್ಲ ತುಕ್ಕನ್ನು ಕರಗಿಸುತ್ತದೆ.

ಸಿಮೆಂಟಿನ ಎರಚಲಿಗೆ ಮಾತ್ರ ತಡ ಮಾಡಬಾರದು. ಹಸಿ ಸಿಮೆಂಟಿನ ಕ್ಷಾರ ಗಾಜಿನ ಮೈಯನ್ನೇ ತಿನ್ನುತ್ತದೆ. ಗಾರೆ ಕೆಲಸದ ದಿನವೇ ಧಾರಾಳ ನೀರು ಹೊಯ್ದು ತೆಗೆಯಿರಿ. ವಾರ ಕಳೆದು ತೆಗೆದರೆ ಸಿಮೆಂಟ್ ಹೋಗಿ ಅದರ ಆಕಾರದ ಮಂಕು ಉಳಿಯುತ್ತದೆ.

ಎಚ್ಚರಿಕೆ: ವಿನೆಗರ್ ಅಥವಾ ಯಾವುದೇ ಆಮ್ಲವನ್ನು ಬ್ಲೀಚಿಂಗ್ ಪೌಡರ್ ಜೊತೆ ಸೇರಿಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ಹೈಡ್ರೋಫ್ಲೋರಿಕ್ ಆಮ್ಲ ಇರುವ ತುಕ್ಕು ತೆಗೆಯುವ ದ್ರಾವಣವನ್ನು ಗಾಜಿನ ಹತ್ತಿರ ತರಲೇಬೇಡಿ. ಅದು ಗಾಜನ್ನು ಕರಗಿಸುತ್ತದೆ, ಚರ್ಮಕ್ಕೆ ತಾಗಿದರೆ ಪ್ರಾಣಕ್ಕೂ ಅಪಾಯ.

ಹೊಸ ಗಾಜಿನಲ್ಲಿ ಕಾಮನಬಿಲ್ಲಿನ ಬಣ್ಣ

ಮನೆ ಕೆಲಸಕ್ಕೆಂದು ಮೇ ತಿಂಗಳಲ್ಲಿ ತಂದ ಗಾಜನ್ನು ಒಂದಕ್ಕೊಂದು ಒರಗಿಸಿ ಜಗಲಿಯಲ್ಲಿಟ್ಟು, ಆಟಿ ಕಳೆದು ಬಿಡಿಸುವಾಗ ಈ ಬಣ್ಣ ಕಾಣುತ್ತದೆ. ಗ್ರಾಹಕರು ಅಂಗಡಿಯವರ ಜೊತೆ ಜಗಳ ಆಡುವುದು ಹೆಚ್ಚಾಗಿ ಇದಕ್ಕೇ. ಗಾಜು ಅಂಗಡಿಯಿಂದ ಚೆನ್ನಾಗಿಯೇ ಬಂದಿರುತ್ತದೆ, ಇಟ್ಟ ಜಾಗದಲ್ಲಿ ಕೆಡುತ್ತದೆ.

ಸಾಬೂನು ನೀರಲ್ಲಿ ತೊಳೆದಾಗ ಬಣ್ಣ ಹೋದರೆ ಅದು ಎಣ್ಣೆ ಅಥವಾ ಮೇಣದ ಪದರ, ಚಿಂತೆ ಇಲ್ಲ. ಹೋಗದಿದ್ದರೆ ಗಾಜಿನ ಮೈಯೇ ಬದಲಾಗಿದೆ. ಎರಡು ಗಾಜುಗಳ ಸಂದಿಗೆ ಸೇರಿದ ನೀರು ಆರಲು ದಾರಿಯಿಲ್ಲದೆ ಅಲ್ಲೇ ನಿಲ್ಲುತ್ತದೆ. ಅದು ಗಾಜಿನಿಂದ ಸೋಡಿಯಮ್ಮನ್ನು ಎಳೆದುಕೊಂಡು ದಿನದಿಂದ ದಿನಕ್ಕೆ ಕ್ಷಾರವಾಗುತ್ತದೆ. ಕ್ಷಾರದ ಅಳತೆಯಾದ ಪಿಎಚ್ 9 ದಾಟಿದ ಮೇಲೆ ಆ ನೀರೇ ಗಾಜಿನ ಸಿಲಿಕಾ ಚೌಕಟ್ಟನ್ನು ತಿನ್ನತೊಡಗುತ್ತದೆ. ಸೋಡಿಯಂ ಕಳಕೊಂಡ ಪದರದ ಸೂಚ್ಯಂಕ ಕೆಳಗಿನ ಗಾಜಿನದ್ದಕ್ಕಿಂತ ಬೇರೆ. ಪದರದ ಮೇಲಿನಿಂದಲೂ ಅಡಿಯಿಂದಲೂ ಬಂದ ಪ್ರತಿಫಲನಗಳು ಒಂದರ ಮೇಲೊಂದು ಸೇರಿದಾಗ ಕೆಲವು ಬಣ್ಣ ಬಲಗೊಂಡು ಕೆಲವು ಅಳಿಯುತ್ತವೆ. ಸೋಪಿನ ಗುಳ್ಳೆಯ ಬಣ್ಣ ಹುಟ್ಟುವುದೂ ಹೀಗೆಯೇ.

ಹಂತ ನೋಡಿ ತೀರ್ಮಾನಿಸಿ. ತೆಳು ಮಂಜಿನಂತಿದ್ದರೆ ವಿನೆಗರ್ ನೀರು, ಬಳಿಕ ಶುದ್ಧ ನೀರು ಸಾಕು. ಬಣ್ಣ ಕಾಣತೊಡಗಿದ್ದರೆ ಗಾಜಿನ ಕೆಲಸದವರು ಬಳಸುವ ಸೀರಿಯಂ ಆಕ್ಸೈಡ್ ಪುಡಿಯನ್ನು ನೀರಲ್ಲಿ ಗಂಜಿಯ ಹದಕ್ಕೆ ಕಲಸಿ ಫೆಲ್ಟ್ ಬಿಲ್ಲೆಯಿಂದ ಉಜ್ಜಬೇಕು. ಒಂದು ಅಂಗೈ ಅಗಲದ ಜಾಗದಲ್ಲಿ ಮಾಡಿ ನೋಡಿ, ಗೆದ್ದರೆ ಮುಂದುವರಿಸಿ. ಬಣ್ಣ ದಾಟಿ ಬಿಳಿ ಹಿಡಿದಿದ್ದರೆ ಬಿಟ್ಟುಬಿಡಿ. ಉಜ್ಜುವ ಕೂಲಿ ಹೊಸ ಗಾಜಿನ ಬೆಲೆ ಮೀರುತ್ತದೆ.

ಇದು ಬರದಂತೆ ಮಾಡುವುದು ಸುಲಭ. ಗಾಜುಗಳ ನಡುವೆ ಒಣ ಕಾಗದ ಇಡಿ, ಅಡಿಗೆ ಮರದ ಪಟ್ಟಿ ಕೊಡಿ, ನೆಲಕ್ಕೆ ತಾಗಿಸಬೇಡಿ, ಟಾರ್ಪಾಲು ಬಿಗಿದು ಮುಚ್ಚಬೇಡಿ. ಕಾಗದ ಚಂಡಿಯಾದರೆ ಆ ದಿನವೇ ಬದಲಿಸಿ, ಇಲ್ಲದಿದ್ದರೆ ಕಾಗದವೇ ತೇವ ಹಿಡಿದಿಟ್ಟು ಹಾನಿ ಹೆಚ್ಚಿಸುತ್ತದೆ.

ಪೋಲರಾಯ್ಡ್ ಕೂಲಿಂಗ್ ಗ್ಲಾಸ್ ಹಾಕಿ ನೋಡಿದಾಗ ಮಾತ್ರ ಕಾರಿನ ಹಿಂದಿನ ಗಾಜಿನಲ್ಲಿ ಕಾಣುವ ಸಾಲು ಮಚ್ಚೆ ಬೇರೆ ವಿಷಯ. ಗಾಜನ್ನು ಗಟ್ಟಿ ಮಾಡಲು ಕಾಯಿಸಿ ಗಾಳಿ ಊದಿ ತಣಿಸಿದಾಗ ಒಳಗೆ ಉಳಿದ ಬಿಗಿತದ ಗುರುತು ಅದು. ಇರಲೇಬೇಕಾದ್ದು.

ಗಾಜಿನ ಹಂಚಿನಿಂದ ಬೆಳಕು ಬರುವುದಿಲ್ಲ

1860ರ ದಶಕದಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚು ಸುಡಲು ತೊಡಗಿದ ಮೇಲೆ ಈ ಕರಾವಳಿಯ ಮಾಡುಗಳೆಲ್ಲ ಕೆಂಪಾದವು. ಅಡಿಗೆ ಕೋಣೆಗೂ ಬಚ್ಚಲಿಗೂ ಒಂದೋ ಎರಡೋ ಗಾಜಿನ ಹಂಚು ಸೇರಿಸುವ ಕ್ರಮ ಇಂದಿಗೂ ಇದೆ. ಒಲೆಯ ಮೇಲಿನ ಹಂಚು ಎರಡೂ ಬದಿಯಿಂದ ಕೆಡುತ್ತದೆ: ಮೇಲೆ ಪಾಚಿ, ಕೆಳಗೆ ಇಲ್ಲಣ, ಅಂದರೆ ಹೊಗೆಯ ಮಸಿ.

ಮೊದಲು ಒಳಗಿನಿಂದ ಟಾರ್ಚ್ ಬಿಟ್ಟು ನೋಡಿ. ಕಂದು ಕಪ್ಪಾಗಿದ್ದರೆ ಮಸಿ, ಹಸಿರು ಮಿಶ್ರವಾಗಿದ್ದರೆ ಹೊರಗಿನ ಪಾಚಿ. ಮಸಿಗೆ ನೀರಿನ ಹನಿ ಬಿಟ್ಟರೂ ಮಂಕು ಹಾಗೆಯೇ ಇರುತ್ತದೆ, ಮಸಿ ಬೆಳಕನ್ನು ನುಂಗುವುದರಿಂದ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ ವಾಷಿಂಗ್ ಸೋಡಾ ಹಾಕಿ, ಬಟ್ಟೆ ಅದ್ದಿ ಕಾಲು ಗಂಟೆ ಹೊದಿಸಿಟ್ಟು ಒರೆಸಿ, ಕೂಡಲೇ ಚೆನ್ನಾಗಿ ತೊಳೆಯಿರಿ. ಸೋಡಾ ಒಣಗಲು ಬಿಟ್ಟರೆ ಅದೂ ಕ್ಷಾರವೇ. ಪಾಚಿಗೆ ತೆಂಗಿನ ನಾರು, ನೀರು ಸಾಕು.

ತೊಳೆಯಲೆಂದು ಮಾಡು ಹತ್ತಬೇಡಿ. ಮಳೆಗಾಲದಲ್ಲಂತೂ ಬೇಡವೇ ಬೇಡ. ಪಾಚಿ ಹಿಡಿದ ಹಂಚು ಜಾರುತ್ತದೆ, ಗಾಜಿನ ಹಂಚು ಕಾಲಿನ ಭಾರ ತಡೆಯುವುದಿಲ್ಲ. ಒಳಗಿನಿಂದ ಏಣಿ ಇಟ್ಟು, ಮೇಲಿನ ಸಾಲಿನ ಹಂಚನ್ನು ಸ್ವಲ್ಪ ಎತ್ತಿ, ಗಾಜಿನದ್ದನ್ನು ರೀಪಿನಿಂದ ಬಿಡಿಸಿ ಕೆಳಗಿಳಿಸಿ. ಏಣಿ ಹಿಡಿಯಲು ಒಬ್ಬರು ಇರಲಿ. ಪಕ್ಕಾಸು ಲಡ್ಡಾಗಿದ್ದು ಕಂಡರೆ ಹಂಚನ್ನು ಮುಟ್ಟದೆ ಆಚಾರಿಯವರನ್ನು ಕರೆಸಿ.

ಅಡಿಕೆ ಒಣಗಿಸುವ ಶೆಡ್ಡಿನ ಹೊದಿಕೆ ಹಳದಿ

ಹನಿ ಬಿಟ್ಟು ನೋಡಿ. ಬಿಳಿ ಮಂಕು ಹೋಗಿ ಹಳದಿ ಉಳಿದರೆ, ಬಿಸಿಲಿನ ನೇರಳಾತೀತ ಕಿರಣಕ್ಕೆ ಪ್ಲಾಸ್ಟಿಕ್ಕೇ ಕೆಟ್ಟಿದೆ. ಪಾಲಿಕಾರ್ಬೊನೇಟ್ ಹಾಳೆಗಳಲ್ಲಿ ಈ ಕಿರಣ ತಡೆಯುವ ಪದರ ಸಾಮಾನ್ಯವಾಗಿ ಒಂದೇ ಬದಿಗೆ ಇರುತ್ತದೆ. ಯಾವ ಬದಿ ಮೇಲೆ ಎಂದು ಅಂಟಿಸಿ ಬಂದ ಫಿಲ್ಮಿನ ಮೇಲೆ ಮುದ್ರಿಸಿರುತ್ತಾರೆ. ಫಿಲ್ಮ್ ಕಿತ್ತು, ಹಾಳೆಯನ್ನು ತಿರುವಿ ಹಾಕಿಬಿಟ್ಟರೆ ಬಾಳಿಕೆಯ ಅರ್ಧವೂ ಬರುವುದಿಲ್ಲ. ಹಾಕುವ ದಿನ ಮೇಲಿನ ಬದಿಗೆ ಮಾರ್ಕರಿನಲ್ಲಿ ಗುರುತು ಹಾಕಿ, ಬಳಿಕ ಫಿಲ್ಮ್ ತೆಗೆಯಿರಿ.

ಪಾಲಿಥೀನ್ ಹೊದಿಕೆ ಕಬ್ಬಿಣದ ಪೈಪಿಗೆ ತಾಗಿದ ಗೆರೆಯಲ್ಲೇ ಮೊದಲು ಹರಿದರೆ ಪೈಪಿನ ಕಾವು ಕಾರಣ. ಪೈಪಿಗೆ ಬಿಳಿ ಬಣ್ಣ ಬಳಿಯಿರಿ. ಬೆಳಗ್ಗೆ ಒಳಬದಿಗೆ ಹನಿ ಕಟ್ಟಿ ಶೆಡ್ ಮಬ್ಬಾಗಿದ್ದರೆ ಹೊದಿಕೆ ಚೆನ್ನಾಗಿಯೇ ಇದೆ. ಹನಿಗಳು ಬೆಳಕನ್ನು ಹಿಂದಕ್ಕೆ ತಿರುಗಿಸುತ್ತಿವೆ. ಎರಡೂ ತುದಿಯ ಮೇಲ್ಭಾಗದಲ್ಲಿ ಗಾಳಿ ಹೋಗಲು ಕಿಂಡಿ ಬಿಡಿ, ಅಡಿಕೆಗೂ ಅದು ಬೇಕು.

ಬೈಕ್, ಕಾರಿನ ಹೆಡ್‌ಲೈಟಿನ ಹಳದಿಯೂ ಇದೇ ರೋಗ. 1000, 2000, 3000 ನಂಬರಿನ ಸ್ಯಾಂಡ್‌ಪೇಪರನ್ನು ಆ ಕ್ರಮದಲ್ಲೇ ನೀರು ಹಾಕುತ್ತ ಉಜ್ಜಿ, ಪಾಲಿಶ್ ಕೊಟ್ಟು, ಕೊನೆಗೆ ನೇರಳಾತೀತ ತಡೆಯುವ ಕ್ಲಿಯರ್ ಕೋಟ್ ಹಾಕಬೇಕು. ಕೊನೆಯದ್ದನ್ನು ಬಿಟ್ಟರೆ ಕೆಲವೇ ತಿಂಗಳಲ್ಲಿ ಪುನಃ ಹಳದಿ. ಪೆಟ್ರೋಲ್, ತಿನ್ನರ್ ಮುಟ್ಟಿಸಬೇಡಿ, ಪಾಲಿಕಾರ್ಬೊನೇಟ್ ಜೇಡರ ಬಲೆಯ ಹಾಗೆ ಬಿರುಕು ಬಿಡುತ್ತದೆ.

ರಾತ್ರಿ ಎದುರಿನ ಲೈಟ್ ಗಾಜಿನ ತುಂಬ ಹರಡುತ್ತದೆ

ಹಗಲು ಏನೂ ಕಾಣದ ವಿಂಡ್‌ಶೀಲ್ಡ್ ರಾತ್ರಿ ಕಣ್ಣು ಕುಕ್ಕುತ್ತದೆ. ಒಳಬದಿಯನ್ನು ಮೊದಲು ನೋಡಿ, ಹೆಚ್ಚಿನವರು ಹೊರಗೆ ಮಾತ್ರ ತೊಳೆಯುತ್ತಾರೆ. ಬಿಸಿಲಿಗೆ ಕಾದ ಡ್ಯಾಶ್‌ಬೋರ್ಡಿನಿಂದ ಎದ್ದ ಆವಿ ಗಾಜಿನ ಒಳಮೈಯಲ್ಲಿ ಎಣ್ಣೆಯಂತಹ ಪದರವಾಗಿ ಕೂರುತ್ತದೆ. ಒಂದು ಬೆರಳು ಎಳೆದು ನೋಡಿ. ಬೆರಳು ಹೋದ ದಾರಿ ಸ್ಪಷ್ಟವಾಗಿ ಕಂಡರೆ ಕಳ್ಳ ಅಲ್ಲೇ ಇದ್ದಾನೆ. ಅರ್ಧ ಬಕೆಟ್ ನೀರಿಗೆ ಪಾತ್ರೆ ತೊಳೆಯುವ ದ್ರಾವಣದ ಮೂರು ನಾಲ್ಕು ಹನಿ ಹಾಕಿ ಒಂದು ಬಟ್ಟೆಯಲ್ಲಿ ಒರೆಸಿ, ಬರೀ ನೀರಿನ ಇನ್ನೊಂದು ಬಟ್ಟೆಯಲ್ಲಿ ಸೋಪು ತೆಗೆದು, ಒಣ ಬಟ್ಟೆಯಲ್ಲಿ ಮುಗಿಸಿ. ಒಂದೇ ಬಟ್ಟೆಯಲ್ಲಿ ಮೂರೂ ಕೆಲಸ ಮಾಡಿದರೆ ಪದರ ಜಾಗ ಬದಲಿಸುತ್ತದೆ ಅಷ್ಟೇ.

ಒಳಗೆ ಸ್ವಚ್ಛವಾದರೂ ಲೈಟಿನ ಸುತ್ತ ಕಮಾನಿನಂತೆ ಗೆರೆ ಎದ್ದರೆ ವೈಪರಿನ ಗೀರು. ಗೀರು ಬೆಳಕನ್ನು ತನಗೆ ಅಡ್ಡವಾದ ದಿಕ್ಕಿಗೆ ಚದುರಿಸುವ ಕಾರಣ, ವೈಪರ್ ಓಡಿದ ದಾರಿಯ ಸಾವಿರ ಸಣ್ಣ ಗೀರುಗಳಲ್ಲಿ ನಮಗೆ ಕಾಣುವುದು ಲೈಟಿನ ಕಡೆಗೆ ಸರಿಯಾಗಿ ತಿರುಗಿದವು ಮಾತ್ರ. ತಲೆ ಸರಿಸಿದರೆ ಗೆರೆಯೂ ಸರಿಯುತ್ತದೆ. ಕೆಂಪು ಮಣ್ಣಿನ ಧೂಳು ಕೂತ ಒಣ ಗಾಜಿನ ಮೇಲೆ ವೈಪರ್ ಹಾಕುವುದರಿಂದ ಇದು ಬರುತ್ತದೆ. ಮೊದಲು ನೀರು ಚಿಮ್ಮಿಸಿ, ಬಳಿಕ ವೈಪರ್. ರಬ್ಬರಿನ ಅಂಚು ಹರಿದಿದ್ದರೆ ಅದನ್ನು ಬದಲಿಸುವುದೇ ಅಗ್ಗದ ಪರಿಹಾರ.

ಉಗುರಿಗೆ ಸಿಗದ ಗೀರಿಗೆ ಸೀರಿಯಂ ಪಾಲಿಶ್ ಸಾಕಾಗಬಹುದು. ಉಗುರು ಬೀಳುವಷ್ಟು ಆಳದ ಗೀರನ್ನು ಉಜ್ಜಬೇಡಿ: ಆ ಜಾಗ ತಗ್ಗಾಗಿ, ರಸ್ತೆಯೇ ಬಳುಕಿದಂತೆ ಕಾಣುತ್ತದೆ. ಚಾಲಕರ ಕಣ್ಣೆದುರೇ ಅಂಥ ಗೀರು ಇದ್ದರೆ ಗಾಜು ಬದಲಿಸಿ.

ಗಾಜಿನೊಳಗೆ ಬೆಳ್ಳಿಯ ಗೆರೆ

ಹೊಳೆಯುವ ಆ ಗೆರೆ ಬಿರುಕು. ಒಳಗೆ ಕೂದಲಿಗಿಂತ ತೆಳುವಾದ ಗಾಳಿಯ ಪದರ ಇರುತ್ತದೆ. ಲಂಬದಿಂದ ಸುಮಾರು 41 ಡಿಗ್ರಿಗಿಂತ ಓರೆಯಾಗಿ ಗಾಜಿನೊಳಗಿನಿಂದ ಬಂದು ಗಾಳಿಗೆ ತಾಗಿದ ಬೆಳಕು ಆಚೆ ದಾಟದೆ ಪೂರ್ತಿ ಹಿಂದಿರುಗುತ್ತದೆ. ಅದಕ್ಕೇ ಕನ್ನಡಿಯ ಹೊಳಪು. ನೀರು ಇಳಿದರೆ ಗೆರೆ ಮಾಯವಾಗುತ್ತದೆ, ಬಿರುಕು ಹಾಗೇ ಇರುತ್ತದೆ. ಹನಿ ಪರೀಕ್ಷೆ ಇಲ್ಲಿ ಬೇಡ ಎಂದದ್ದು ಇದಕ್ಕೆ. ವಿಂಡ್‌ಶೀಲ್ಡಿಗೆ ಕಲ್ಲು ಬಿದ್ದು ನಾಣ್ಯದಷ್ಟು ಒಡೆದಿದ್ದರೆ, ಗಾಜಿನ ಸೂಚ್ಯಂಕಕ್ಕೆ ಹತ್ತಿರವಿರುವ ರಾಳವನ್ನು ತುಂಬಿ ಸರಿಪಡಿಸುತ್ತಾರೆ. ಎಣ್ಣೆಯೋ ನೀರೋ ಮೊದಲೇ ಸೇರಿದ್ದರೆ ರಾಳ ಹಿಡಿಯುವುದಿಲ್ಲ. ಪಾರದರ್ಶಕ ಟೇಪ್ ಅಂಟಿಸಿ, ಬೇಗ ರಿಪೇರಿಗೆ ಕೊಡಿ. ಕಾದ ಗಾಜಿಗೆ ತಣ್ಣೀರು ಹೊಯ್ಯಬೇಡಿ, ಎ.ಸಿ.ಯ ಗಾಳಿಯನ್ನು ನೇರ ಬಿಡಬೇಡಿ. ಬಿರುಕು ಅಂಚಿಗೆ ಮುಟ್ಟಿದ್ದರೆ ರಿಪೇರಿಯ ಮಾತಿಲ್ಲ.

ಪರದೆ, ಚಾಪೆಯ ಮೇಲೆ ಉರಿಯುವಂಥ ಬಿಸಿಲ ಚುಕ್ಕಿ

ಕಿಟಕಿಯಲ್ಲಿಟ್ಟ ನೀರು ತುಂಬಿದ ಉರುಟು ಪಾತ್ರೆ ಮಸೂರದಂತೆ ಕೆಲಸ ಮಾಡುತ್ತದೆ. ನೀರಿನ ಗೋಳ ಬಿಸಿಲನ್ನು ತನ್ನ ಹಿಂಬದಿಯಿಂದ ಸುಮಾರು ಒಂದು ತ್ರಿಜ್ಯದಷ್ಟು ದೂರದಲ್ಲಿ ಕೂಡಿಸುತ್ತದೆ. ಗಟ್ಟಿ ಗಾಜಿನ ಗೋಳವಾದರೆ ಅರ್ಧ ತ್ರಿಜ್ಯದಲ್ಲಿ. ಅಲ್ಲಿ ಒಣ ಬಟ್ಟೆ, ಕಾಗದ, ನಾರು ಇದ್ದರೆ ಬೆಂಕಿ ಹತ್ತಬಹುದು. ಚುಕ್ಕಿ ಕಂಡ ಕ್ಷಣವೇ ಪಾತ್ರೆಯನ್ನು ನೆರಳಿಗೆ ಸರಿಸಿ.

ಕ್ಯಾಮರಾ, ದುರ್ಬೀನಿನ ಒಳಗೆ ಜೇಡರ ಬಲೆ

ಎದುರು ಬದಿಯಿಂದ ಟಾರ್ಚ್ ಬಿಟ್ಟು ಮಸೂರದೊಳಗೆ ನೋಡಿದಾಗ ಕವಲೊಡೆದ ಬಿಳಿ ಎಳೆ ಕಂಡರೆ ಬೂಸ್ರು. ಒರೆಸಿ ತೆಗೆಯಲು ಬರುವುದಿಲ್ಲ, ಮಸೂರದ ಲೇಪನವನ್ನು ಅದು ತಿನ್ನುತ್ತಾ ಹೋಗುತ್ತದೆ. ಮನೆಯಲ್ಲಿ ಬಿಚ್ಚಬೇಡಿ, ಒಂದು ಮಸೂರ ಕೂದಲೆಳೆಯಷ್ಟು ಸರಿದರೂ ಚಿತ್ರ ಕೆಡುತ್ತದೆ. ರಿಪೇರಿಯವರಿಗೆ ಕೊಡಿ. ಉಳಿದ ಮಸೂರಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟು, ತೇವಾಂಶ ಶೇ. 40ರಿಂದ 50ರೊಳಗೆ ನಿಲ್ಲಿಸಿ. ಚರ್ಮದ ಚೀಲ ಬೂಸ್ರಿಗೆ ಮನೆ. ಪರೀಕ್ಷಿಸಲು ಸೂರ್ಯನ ಕಡೆ ತಿರುಗಿಸಿ ನೋಡಬೇಡಿ, ಒಂದು ಕ್ಷಣ ಸಾಕು ಕಣ್ಣು ಹೋಗಲು.

ಶಾಲೆಯ ಗಾಜಿನ ಸ್ಲ್ಯಾಬಿನ ಲೆಕ್ಕ ಕೂಡುವುದಿಲ್ಲ

ವಕ್ರೀಭವನದ ಪ್ರಯೋಗದಲ್ಲಿ ಉತ್ತರ, ಅಂದರೆ ಗಾಜಿನ ಸೂಚ್ಯಂಕ, 1.5ರ ಹತ್ತಿರ ಬರಬೇಕು. ಪತನ ಕೋನ 30 ಡಿಗ್ರಿ ಇದ್ದರೆ ವಕ್ರೀಭವನ ಕೋನ 19.5, 45ಕ್ಕೆ 28, 60ಕ್ಕೆ 35. ಉತ್ತರ 1ಕ್ಕಿಂತ ಕಡಿಮೆ ಬಂದು, ಮೂರು ಅಳತೆಗೆ 0.92, 0.80, 0.61 ಎಂದು ಇಳಿಯುತ್ತ ಹೋದರೆ ಕೋನವನ್ನು ಲಂಬದ ಬದಲು ಗಾಜಿನ ಅಂಚಿನಿಂದ ಅಳೆಯಲಾಗಿದೆ. 1.4ರ ಹತ್ತಿರ ನಿಂತರೆ ಪೆನ್ಸಿಲ್ ಗೆರೆ ಗಾಜಿನ ಅಂಚಿಗಿಂತ ಹೊರಗೆ ಬಿದ್ದಿದೆ, ಮೊನೆ ಚೂಪು ಮಾಡಿ ಪುನಃ ಎಳೆಯಿರಿ. ಹೊರಬಂದ ಕಿರಣ ಸಮಾಂತರ ಇಲ್ಲದಿದ್ದರೆ ನಡುವೆ ಸ್ಲ್ಯಾಬ್ ಸರಿದಿದೆ, ಇಲ್ಲವೇ ಗುಂಡುಸೂಜಿ ವಾಲಿದೆ. ಸೂಜಿಗಳ ನಡುವೆ ಕನಿಷ್ಠ 5 ಸೆಂ.ಮೀ. ಇರಲಿ, ತಲೆಯನ್ನಲ್ಲ, ಬುಡವನ್ನು ನೋಡಿ ಸಾಲು ಹಿಡಿಯಿರಿ.

ಎಲ್ಲ ಗಾಜಿನಲ್ಲೂ ಮಂಜು, ಎಲ್ಲ ದೀಪಕ್ಕೂ ಬಳೆ

ಕನ್ನಡಕ ತೆಗೆದು, ಗಾಜಿಲ್ಲದ ಕಡೆ ನಿಂತು, ದೂರದ ಬೀದಿ ದೀಪವನ್ನು ಒಂದೊಂದೇ ಕಣ್ಣಲ್ಲಿ ನೋಡಿ. ಕನ್ನಡಕ ಹಾಕಿದಾಗ ಮಾತ್ರ ಬಳೆ ಕಂಡರೆ ದೋಷ ಕನ್ನಡಕದ್ದು. ಹಸಿರು ಅಥವಾ ನೇರಳೆ ಪ್ರತಿಫಲನ ಲೇಪನದ ಸಹಜ ಬಣ್ಣ. ಆ ಬಣ್ಣ ಅಲ್ಲಲ್ಲಿ ಇಲ್ಲವಾಗಿದ್ದರೆ ಲೇಪನ ಎದ್ದಿದೆ. ಬಲೆಯಂಥ ಬಿರುಕು ಇದ್ದರೆ ಬಿಸಿಗೆ ಒಡೆದಿದೆ, ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಬಿಟ್ಟ ಕನ್ನಡಕಕ್ಕೆ ಹೀಗಾಗುತ್ತದೆ. ಎರಡಕ್ಕೂ ಮಸೂರ ಬದಲಿಸುವುದೇ ದಾರಿ.

ಕನ್ನಡಕ ಇಲ್ಲದೆಯೂ, ಗಾಜಿಲ್ಲದೆಯೂ ದೀಪದ ಸುತ್ತ ಬಳೆ ಕಂಡರೆ ನೋಡಬೇಕಾದದ್ದು ಕಣ್ಣನ್ನು. ಕಣ್ಣಿನೊಳಗಿನ ಮಸೂರ ಮಂಕಾದಾಗಲೂ ಬೆಳಕು ಹೀಗೆಯೇ ಚದುರುತ್ತದೆ. ತಿಂಗಳುಗಳಿಂದ ಮೆಲ್ಲಗೆ ಹೆಚ್ಚುತ್ತ ಬಂದಿದ್ದರೆ ಪೊರೆ ಇರಬಹುದು, ಕಣ್ಣಿನ ಡಾಕ್ಟರಿಗೆ ತೋರಿಸಿ. ಬಳೆಯ ಜೊತೆ ಕಣ್ಣು ನೋವು, ಕೆಂಪು, ತಲೆನೋವು, ವಾಂತಿ ಸೇರಿದ್ದರೆ ಕಣ್ಣಿನೊಳಗಿನ ಒತ್ತಡ ದಿಢೀರ್ ಏರಿರುವ ಸಂಭವವಿದೆ. ನಾಳೆ ಬೆಳಗ್ಗೆ ಎಂದು ಕಾಯದೆ, ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ. ಗಾಡಿಯನ್ನು ಬೇರೆಯವರು ಓಡಿಸಲಿ.